ಬಿಳಿಜೋಳದ ಕ್ಷಮಾಪಣೆ

ಸಿಂದಗಿ ನಿಲ್ದಾಣದಲ್ಲಿ ಇಂಡಿ ಬಸ್ಸಿಗೆ ಕಾಯುತ್ತಿದ್ದ ನಿಷತಳ ಬೆನ್ನ ಹಿಂದೆಯೇ ಇಬ್ಬರು ಗಂಡಸರ ಮಾತು ನಡೆದಿತ್ತು.

“ಆನ್‌ಲೈನ್ ವಿಶ್ವಕೋಶದಾಗ ನಾ ಬರದ ಇಂಗಳೇಶ್ವರದ ಪುಟಾನ ನನ್ನ ಕೇಳದ ಅಳಸಿದ್ನಲ್ಲ, ‘ಬಿಳಿಜೋಳ’ ಅನ್ನಾಂವ? ನಿನ್ನಿ ಕ್ಷಮಾ ಕೇಳ್ಯಾನ.”

“ಚಲೋ ಆತಲ್ರಿ, ಶ್ರೀಶೈಲಪ್ಪ ಕಾಕಾ.”

“ಏನ್ ಚಲೋ? ಮೂರು ತಿಂಗಳ ಜಗಳಾಡಿದಾಂವ ಒಮ್ಮೆಲೆ ತಪ್ಪಾತು ಅಂದ್ರ ಒಳಗ ಏನೋ ಐತಿ.”

“ವಿಶ್ವಕೋಶದ ಜಗಳ ಬಗೆಹರಸೋ ಮಧ್ಯಸ್ಥರಿಗೆ ತೋರಸಾಕ ಇರಬೇಕ್ರಿ. ನೀವೂ ಅಲ್ಲಿ ‘ಧನ್ಯವಾದ’ದ ಗುಂಡಿ ಒತ್ತಿಬಿಡ್ರಿ, ಒಳ್ಳೇರಾಗಿ ಕಾಣ್ತೀರಿ. ಆಮ್ಯಾಲ ನೋಡೂಣು.”

‘ಬಿಳಿಜೋಳ’ ನಿಷತಳೇ. ಆ ಕ್ಷಮಾಪಣೆಯ ನಾಲ್ಕು ಸಾಲು ಬರೆಯಲು ಎರಡು ದಿನ ಒದ್ದಾಡಿದ್ದಳು. ತಿರುಗಿ, ಅದು ನಾನೇ ಎಂದು ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಬಾಗೇವಾಡಿ ಬಸ್ ಬಂದು, ಇಬ್ಬರೂ ಹತ್ತಿ ಹೋದರು.

ಬಸ್ಸು ಗೇಟು ದಾಟುತ್ತಿದ್ದಂತೆ ಅವಳ ಮೊಬೈಲ್ ಗುಂಯ್ ಎಂದಿತು: ನಿಮಗೊಂದು ಧನ್ಯವಾದ ಬಂದಿದೆ.