ಹನ್ನೊಂದೂ ಎಂಟಕ್ಕೆ ಬಿದ್ದ ಸಹಿ

ಹೋದ ಫೆಬ್ರುವರಿಯ ಒಂದು ರಾತ್ರಿ. ನಮ್ಮ ಪ್ಲಮ್ ಫೋರ್ಕ್ ಊರಿನ ಚೌಕದಲ್ಲಿ, ಹಳೆಯ ಬಾವಿಯ ಪಕ್ಕ, ಹದಿಮೂರು ವರ್ಷದ ಹುಡುಗಿಯೊಬ್ಬಳು ಒಂಟಿಯಾಗಿ ಮನೆಗೆ ನಡೆಯುತ್ತಿದ್ದಳು. ಬಾವಿಯ ಬಾಯಿ ಮುಚ್ಚಿ ಐವತ್ತು ವರ್ಷವಾಯಿತು. ಮೇಲಿನ ಪಂಪಿನ ಕಬ್ಬಿಣದ ಕೈ ಮಾತ್ರ ಉಳಿದಿದೆ. ಗಾಳಿ ಬೀಸಿದರೆ ಅದು ಕಿರ್ರ್... ಎನ್ನುತ್ತದೆ. ಸ್ವಲ್ಪ ತಡೆದು, ಕಟಕ್.

ಆ ರಾತ್ರಿ ಗಾಳಿ ಇತ್ತು.

ಹತ್ತು ಗಂಟೆಗೆ ಅಗ್ನಿಶಾಮಕ ಠಾಣೆಯ ಸೈರನ್ ಎಂದಿನಂತೆ ಕೂಗಿ, ನರಳಿ, ಇಳಿದಿತ್ತು. ಆ ಕೂಗು ಮುಗಿದ ಮೇಲೆ ಹದಿನಾರು ತುಂಬದವರು ದೊಡ್ಡವರಿಲ್ಲದೆ ಬೀದಿಯಲ್ಲಿ ಕಾಣಬಾರದು. ಮಕ್ಕಳ ಸುರಕ್ಷತೆಗಾಗಿ ನಮ್ಮ ಕೌನ್ಸಿಲ್ ಮಾಡಿದ ನಿಯಮ. ಪಂಪಿನ ಹಿಂದೆ, ಕಾರಿನ ದೀಪ ಆರಿಸಿಕೊಂಡು, ಕತ್ತಲಲ್ಲಿ ಒಬ್ಬ ಗಂಡಸು ಕೂತಿದ್ದ. ಆ ಸುರಕ್ಷತೆ ಅವನೇ. ನನ್ನ ಚಿಕ್ಕಪ್ಪನ ಮಗ ಲೈಲ್. ಬೇರೆ ಊರಿನಿಂದ ಬಂದು ಪೊಲೀಸ್ ಸೇರಿ ಆಗ ನಾಲ್ಕು ತಿಂಗಳು.

ಹುಡುಗಿಯ ಹೆಸರು ರೋಮಿ. ತಾಯಿ ಡಾರ್ಲಾ ಕುಚೇರಾ ಕಸಾಯಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವಳು. ದನ ಕೊಯ್ಯುವವರು ಮನೆಗೆ ಹೋದ ಮೇಲೆ ಬಿಸಿ ನೀರು, ಕ್ಲೋರಿನ್ ಹಾಕಿ ಯಂತ್ರ ತೊಳೆಯುವ ಕೆಲಸ. ಅವಳಿಗೆ ಉಬ್ಬಸ. ಆ ದಿನ ಇನ್‌ಹೇಲರ್ ಮೇಜಿನ ಮೇಲೆ ಮರೆತು ಹೋಗಿದ್ದಳು. ಮಗಳು ಅದನ್ನು ಕಾರ್ಖಾನೆಯ ಗೇಟಿಗೆ ಮುಟ್ಟಿಸಿ ಬರುತ್ತಿದ್ದಳು. ಮನೆ ಇನ್ನು ಎರಡು ಬೀದಿ.

ಲೈಲ್ ಗಡಿಯಾರ ನೋಡಿದ. ಹತ್ತೂ ಹತ್ತು.

ರೋಮಿಯ ಹೆಸರಲ್ಲಿ ಆಗಲೇ ಎರಡು ನೋಟೀಸು ಇದ್ದವು. ಒಂದು, ಕಸದ ಡಬ್ಬಿ ಬೀದಿಗೆ ತಳ್ಳುವಾಗ ಸಿಕ್ಕಿದ್ದಕ್ಕೆ. ಇನ್ನೊಂದು, ಶಾಲೆಯ ಬಸ್ಸೇ ಪಂದ್ಯ ಮುಗಿಸಿ ತಡವಾಗಿ ತಂದು ಇಳಿಸಿದ್ದಕ್ಕೆ. ಮೂರನೆಯದಾದರೆ ತಾಯಿ ನ್ಯಾಯಾಧೀಶರ ಮುಂದೆ ನಿಲ್ಲಬೇಕು, ವಿಚಾರಣೆ ಮುಗಿಯುವ ತನಕ ಮಗು ಬೇರೆಯವರ ಮನೆಯಲ್ಲಿರಬೇಕು. ತಪ್ಪಿಸಿಕೊಳ್ಳಲು ಒಂದೇ ದಾರಿ. ಮನೆಯ ಹಿರಿಯರೊಬ್ಬರು ಒಂದು ಗಂಟೆಯೊಳಗೆ ಗುರುತಿನ ಚೀಟಿ ಹಿಡಿದು ಖುದ್ದಾಗಿ ಪೊಲೀಸ್ ಠಾಣೆಗೆ ಬಂದು ಸಹಿ ಹಾಕಬೇಕು. ಹೆತ್ತವರಿಗೆ ಜವಾಬ್ದಾರಿ ಕಲಿಸಲು ಈ ಏರ್ಪಾಡು ಎಂದು ಕೌನ್ಸಿಲರ್ ಡ್ವೇನ್ ಹಾಸ್ಕಿನ್ಸ್ ನಲವತ್ತು ನಿಮಿಷ ಭಾಷಣ ಮಾಡಿದ್ದರು. ಅವರ ಹದಿನೈದು ವರ್ಷದ ಮಗ ರಾತ್ರಿ ಒಂದು ಗಂಟೆಗೆ ಧಾನ್ಯದ ಗೋದಾಮಿನ ಮೇಲೆ ಬಿಯರ್ ಕುಡಿಯುತ್ತ ಸಿಕ್ಕಾಗ ಲೈಲ್ ಅವನನ್ನು ಮನೆಗೆ ಬಿಟ್ಟು ಬಂದ. ಹಾಸ್ಕಿನ್ಸರ ಹೆಂಡತಿ ಕಾಫಿ ಕೊಟ್ಟರು. ಆ ಮನೆಯವರಿಗೆ ಜವಾಬ್ದಾರಿ ಮೊದಲೇ ಗೊತ್ತಿತ್ತು.

ಠಾಣೆಯ ಬೆಂಚಿನ ಮೇಲೆ ಹುಡುಗಿಯನ್ನು ಕೂರಿಸಿ ಲೈಲ್ ಕಾರ್ಖಾನೆಗೆ ಫೋನ್ ಮಾಡಿದ. ಪಾಳಿ ಮಧ್ಯೆ ಯಾರನ್ನೂ ಕರೆಯುವಂತಿಲ್ಲ, ರಾತ್ರಿ ಒಂದು ಗಂಟೆಗೆ ಬಿಡುವು, ಆಗ ಹೇಳುತ್ತೇವೆ ಎಂದರು. ಲೈಲ್ ಫೋನ್ ಇಟ್ಟು ಗುಲಾಬಿ ಬಣ್ಣದ ಫಾರಂ ತೆಗೆದ. ಅದು ಮೂರನೆಯ ಸಲದ ಫಾರಂ. ಅಕ್ಷರ ಚೆನ್ನಾಗಿ ಬರಲೆಂದು ಪೆನ್ನು ಬದಲಿಸಿದ.

"ಆಫೀಸರ್," ಹುಡುಗಿ ಮೆಲ್ಲಗೆ ಕೇಳಿದಳು, "ಅಮ್ಮ ಒಂದು ಗಂಟೆಗೆ ಬಂದೇ ಬರ್ತಾಳೆ. ಅಲ್ಲಿವರೆಗೂ ನಾನು ಇಲ್ಲೇ ಕೂತಿರ್ತೀನಿ. ಬರೀಬೇಡಿ."

"ಹನ್ನೊಂದೂ ಹತ್ತು ದಾಟಿದ್ರೆ ಬರೀಲೇಬೇಕಮ್ಮ. ನಾನು ಮಾಡಿದ ರೂಲ್ ಅಲ್ಲ."

ಹೀಟರ್ ಗುಂಯ್ ಎನ್ನುತ್ತಿತ್ತು. ಹನ್ನೊಂದಾಯಿತು... ಹನ್ನೊಂದೂ ಮೂರು...

ಆಗ ಹೊರಗೆ ಸದ್ದು. ಟಕ್... ಸ್ಸ್ಸರ್. ಟಕ್... ಸ್ಸ್ಸರ್. ಮೊದಲು ಲೋಹ ಊರಿದ ಸದ್ದು. ಆಮೇಲೆ ಮೆತ್ತಗಿನ ಏನನ್ನೋ, ಹಿಮ ಕರಗಲೆಂದು ಉಪ್ಪು ಚೆಲ್ಲಿದ ರಸ್ತೆಯ ಮೇಲೆ ಎಳೆದಂತೆ. ಬೆಂಚಿನ ಮೇಲೆ ಹುಡುಗಿ ಬಾಗಿಲ ಕಡೆ ತಿರುಗಿದಳು.

ಬಾಗಿಲು ತೆರೆಯಿತು. ನಾಲ್ಕು ಕಾಲಿನ ವಾಕರ್ ಊರಿಕೊಂಡ ಮುದುಕಿ. ವಾಕರ್‌ನ ಹಿಂದಿನ ಎರಡು ಕಾಲಿಗೆ, ಎಳೆಯಲು ಸುಲಭವಾಗಲೆಂದು ಸಿಕ್ಕಿಸಿದ ಹಸಿರು ಟೆನಿಸ್ ಚೆಂಡು. ಹೂವಿನ ನೈಟಿಯ ಮೇಲೆ ಗಂಡಸರ ಕೋಟು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಅವಳ ಬಾಯಿಂದ ಹಬೆ ಬರುತ್ತಿರಲಿಲ್ಲ ಎಂದು ಲೈಲ್ ಈಗ ಹೇಳುತ್ತಾನೆ. ಆಗ ಅವನು ನೋಡಿದ್ದು ಗಡಿಯಾರವನ್ನು.

"ಅಜ್ಜಿ..." ಎಂದಳು ಹುಡುಗಿ.

"ಬಾಯ್ ಮುಚ್ಕೊಂಡು ಕೋಟು ಹಾಕ್ಕೊ," ಎಂದಳು ಮುದುಕಿ. ಲೈಲ್ ಕಡೆ ತಿರುಗಿದಳು. "ಎಲ್ಲಿ ಸಹಿ ಹಾಕ್ಬೇಕಪ್ಪ?"

ಅವನು ಗುರುತಿನ ಚೀಟಿ ಕೇಳಿದ. ಕೊಟ್ಟಳು. ಡ್ರೈವಿಂಗ್ ಲೈಸೆನ್ಸ್, ಲುಡ್ಮಿಲಾ ಕುಚೇರಾ, ಹುಟ್ಟಿದ್ದು ೧೯೪೧, ಮುಖ ಇದೇ ಮುಖ. ಆದರೆ ಲೈಸೆನ್ಸಿನ ಅವಧಿ ಮುಗಿದಿತ್ತು. ಲೈಲ್‌ಗೆ ಆ ರಾತ್ರಿ ಮೊದಲ ಸಲ ಭಯವಾಯಿತು. ಫೋನ್ ಮಾಡಿ ಠಾಣೆಯ ಮುಖ್ಯಸ್ಥರನ್ನು ನಿದ್ದೆಯಿಂದ ಎಬ್ಬಿಸಿದ.

"ಫೋಟೋ ಹೊಂದುತ್ತಾ?" ಎಂದರಂತೆ ಮುಖ್ಯಸ್ಥರು.

"ಹೊಂದುತ್ತೆ ಸರ್."

"ಮತ್ತೆ ನನ್ನನ್ಯಾಕೆ ಎಬ್ಬಿಸ್ದೆ?"

ಹನ್ನೊಂದೂ ಎಂಟಕ್ಕೆ ಸಹಿ ಬಿತ್ತು. ಮುದುಕಿ ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು ಹೊರಟಳು. ಟಕ್... ಸ್ಸ್ಸರ್. ಚೌಕದವರೆಗೂ ಕೇಳಿಸಿತು. ಆಮೇಲೆ ಕಿರ್ರ್... ಕಟಕ್. ಆಮೇಲೆ ಏನೂ ಇಲ್ಲ.

ಒಂದೂಕಾಲು ಗಂಟೆಗೆ ಡಾರ್ಲಾ ಬಂದಳು. ಕಾಲಲ್ಲಿ ರಬ್ಬರ್ ಬೂಟು, ಕೈ ಕ್ಲೋರಿನ್‌ಗೆ ಬೆಳ್ಳಗಾಗಿತ್ತು. ಓಡಿ ಬಂದು ಉಸಿರು ಸಿಗದೆ ಬಾಗಿಲು ಹಿಡಿದು ನಿಂತಳು. ಲೈಲ್ ಕುರ್ಚಿಯಿಂದ ಏಳದೆ ಹೇಳಿದ, "ನಿಮ್ಮಮ್ಮ ಬಂದು ಕರ್ಕೊಂಡು ಹೋದ್ರು. ಆ ವಯಸ್ಸಲ್ಲೂ. ಜವಾಬ್ದಾರಿ ಅಂದ್ರೆ ಏನೂಂತ ಅವರನ್ನ ನೋಡಿ ಕಲೀಬೇಕು ನೀವು."

ಡಾರ್ಲಾ ಅವನ ಮುಖ ನೋಡಿದಳು. "ನಮ್ಮಮ್ಮ ತೀರ್ಕೊಂಡು ಹನ್ನೊಂದು ತಿಂಗಳಾಯ್ತು," ಎಂದಳು. ಮತ್ತೆ ಓಡಿದಳು.

ಮನೆ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿ ಬಡಿದು ಮಗಳನ್ನು ಎಬ್ಬಿಸಬೇಕಾಯಿತು. ಹುಡುಗಿಯ ಬೂಟುಗಳನ್ನು ಒರೆಸಿ, ಒಳಗೆ ಪೇಪರ್ ತುರುಕಿ, ಒಲೆಯ ಪಕ್ಕ ತಲೆಕೆಳಗಾಗಿ ಇಟ್ಟಿತ್ತು. ಹಾಗೆ ಇಡುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ. ದಾರಿಯುದ್ದಕ್ಕೂ ಅಜ್ಜಿ ಒಂದೇ ಮಾತು ಆಡಿದಳಂತೆ. "ನಿಧಾನಕ್ಕೆ ನಡಿ, ನಂಗೆ ಓಡಕ್ಕಾಗಲ್ಲ."

ವಿಷಯ ಕೌನ್ಸಿಲ್ ಮುಂದೆ ಬಂತು. ಮಗುವನ್ನು ತಾಯಿಯಿಂದ ಬಿಡಿಸಬೇಕೋ ಬೇಡವೋ ಎಂದು ಎರಡು ಗಂಟೆ ಚರ್ಚೆ. ಸತ್ತವಳು ಬಂದಳಲ್ಲ ಎಂದು ಯಾರೂ ಬೆಚ್ಚಲಿಲ್ಲ. ಅವಧಿ ಮುಗಿದ ಲೈಸೆನ್ಸ್ ನಡೆಯುತ್ತದೆಯೇ ಎಂಬುದೇ ಅವರ ತಲೆನೋವು. ಸಹಿ ಹಾಕುವ ಹಿರಿಯರು ಬದುಕಿರಬೇಕು ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ ಎಂದು ಊರಿನ ವಕೀಲ ತೋರಿಸಿಕೊಟ್ಟ. ಈಗ ಸೇರಿಸೋಣ ಎಂದರು ಹಾಸ್ಕಿನ್ಸ್. ಸೇರಿಸಿದರೆ ಸತ್ತವರು ಬರುತ್ತಾರೆ ಎಂದು ನಾವೇ ಒಪ್ಪಿಕೊಂಡಂತೆ ಎಂದ ವಕೀಲ. ಹಾಸ್ಕಿನ್ಸ್ ಕೂತುಕೊಂಡರು. ಫಾರಂ ತುಂಬಿದೆ, ವೇಳೆಯೊಳಗೆ ತುಂಬಿದೆ ಎಂದು ದಾಖಲಿಸಿ ಕಡತ ಮುಚ್ಚಿದರು. ರೋಮಿ ತಾಯಿಯ ಹತ್ತಿರವೇ ಇದ್ದಾಳೆ. ನಿಯಮವೂ ಇದೆ, ಸೈರನ್ನೂ ಕೂಗುತ್ತದೆ. ಲೈಲ್ ಮಾತ್ರ ಈಗ ಬಾವಿಯ ಹತ್ತಿರ ಕಾರು ನಿಲ್ಲಿಸುವುದಿಲ್ಲ.

ನೀವು ನಂಬುವುದಿಲ್ಲ, ಗೊತ್ತು. ಲುಡ್ಮಿಲಾಳ ಶವಪೆಟ್ಟಿಗೆಯ ಎಡಗಡೆ ಹಿಂದಿನ ಹಿಡಿ ನನ್ನ ಕೈಯಲ್ಲೇ ಇತ್ತು. ಆ ಭಾರ ನನಗೆ ನೆನಪಿದೆ. ಆಮೇಲೆ ಡಾರ್ಲಾ ಅಮ್ಮನ ವಾಕರ್ ಅನ್ನು ಚರ್ಚಿಗೆ ಕೊಟ್ಟಳು, ಬೇಕಾದವರಿಗೆ ಆಗಲಿ ಎಂದು. ಅದರ ಹಳೆಯ ಚೆಂಡುಗಳನ್ನು ಬಿಸಾಕಿ, ಹೊಸ ಎರಡನ್ನು ಚಾಕುವಿನಿಂದ ಕೊಯ್ದು ಕಾಲಿಗೆ ಸಿಕ್ಕಿಸಿದವನು ನಾನು. ಚರ್ಚಿನ ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಿದವನೂ ನಾನು. ಬೀಗದ ಕೈ ಒಂದೇ, ನನ್ನ ಹತ್ತಿರ.

ಕೌನ್ಸಿಲ್ ಸಭೆ ಮುಗಿದ ರಾತ್ರಿ ಇಳಿದು ಹೋಗಿ ನೋಡಿದೆ. ವಾಕರ್ ಇಟ್ಟಲ್ಲೇ ಇತ್ತು. ಚೆಂಡುಗಳ ಅಡಿ ಸವೆದು ಚಪ್ಪಟೆಯಾಗಿತ್ತು. ಹಸಿರು ನೂಲಿನೊಳಗೆ ರಸ್ತೆಯ ಉಪ್ಪು.