ರಾಹುವಿಗೆ ಓಟಿಲ್ಲ

ಒಂದೂರಲ್ಲಿ ಒಬ್ಬ ಶಾಸಕರಿದ್ದರು. ಮಹಾ ಧೈರ್ಯಶಾಲಿ ಎಂದು ಹೆಸರು. ಏನು ಧೈರ್ಯ? ನೋಡಿ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಮಿಕ್ಕವರೆಲ್ಲ ಚುನಾವಣಾ ಕಚೇರಿಯ ಹೊರಗೆ ಗಡಿಯಾರ ನೋಡುತ್ತ ಬೆವರುತ್ತಿದ್ದರೆ, ಇವರು ಹನ್ನೊಂದೂಕಾಲಿಗೇ ಒಳನುಗ್ಗಿ ನಾಮಪತ್ರ ಕೊಟ್ಟರು. ಕ್ಯಾಮೆರಾ ಮುಂದೆ ನಿಂತು "ಯಾವ ರಾಹು? ಬರ್ಲಿ ನೋಡೂಣು!" ಎಂದರು. ರಾಹು ಬರಲಿಲ್ಲ. ಚಪ್ಪಾಳೆ ಬಂತು.

ಅವರ ಡ್ರೈವರ್ ದುರುಗಪ್ಪನೂ ಚಪ್ಪಾಳೆ ತಟ್ಟಿದ. ಆಮೇಲೆ ತಟ್ಟಿದ ಕೈಗಳನ್ನೇ ನೋಡಿಕೊಂಡ. ಅವನು ಊರಾಚೆಯ ಕೇರಿಯವನು. ಹನ್ನೊಂದು ವರ್ಷದಿಂದ ಸಾಹೇಬರ ಜೀವ ಆ ಕೈಯಲ್ಲಿತ್ತು. ಆದರೆ ಆ ಕೈ ಮುಟ್ಟಿದ ಚಹಾದ ಲೋಟ ಮಾತ್ರ ಕಾಂಪೌಂಡ್ ಗೋಡೆಯ ಮೇಲೆ, ಬೋರಲು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಅವ್ವನ ಕಟ್ಟಳೆ ಎನ್ನುತ್ತಿದ್ದರು ಸಾಹೇಬರು. ಆ ಗೋಡೆ ದಾಟುವಾಗಲೆಲ್ಲ ಅವರಿಗೊಂದು ಫೋನ್ ಬರುತ್ತಿತ್ತು.

ಇಂಥ ಧೈರ್ಯವಂತರ ಡ್ರೈವರ್ ತಾನು ಹೆದರುವುದೇ? ಕೆಲಸ ಹೋದರೆ ಮನೆಯಲ್ಲಿ ನಾಲ್ಕು ಬಾಯಿ. ಆದರೂ ಅಂದು ಸಾಹೇಬರ ಮನೆಗೆ ಬಂದು ಚಹಾ ಕುಡಿದವನು ಲೋಟ ತೊಳೆದು, ಸೀದಾ ಅಡುಗೆಮನೆಗೆ ನಡೆದು, ಮಿಕ್ಕ ಲೋಟಗಳ ನಡುವೆ ಇಟ್ಟುಬಿಟ್ಟ.

ಸಾಹೇಬರ ಮುಖ ಬಿಳುಚಿತು. "ಏ ದುರುಗಪ್ಪ! ಅವ್ವ ನೋಡಿದ್ರ ಊರ ಮಂದೀನೆಲ್ಲ ಕೂಡಸ್ತಾಳೋ! ನಾನೂ ಇದನ್ನ ಒಪ್ಪಾಂವನ. ಆದ್ರ ಇವತ್ತ ಬ್ಯಾಡ. ಒಂದ್ ಒಳ್ಳೆ ಟೈಮ್ ನೋಡಿ ಮಾಡೂಣು."

ದುರುಗಪ್ಪ ಗಡಿಯಾರ ನೋಡಿದ. "ಹನ್ನೆರಡಕ್ಕ ಹತ್ತ ಕಮ್ಮಿ ಐತ್ರಿ ಸಾಹೇಬ್ರ. ಇನ್ನೂ ರಾಹುಕಾಲಾನ. ನಿಮಗ ಆಗಿಬರ್ತೈತಲ್ರೀ?"

ಎಲ್ಲ ಒಂದೇ ಅಂಗಡಿಯ ಸ್ಟೀಲ್ ಲೋಟಗಳು. ಯಾವುದು ಯಾರದೆಂದು ಗುರುತು ಹಿಡಿಯುವುದು ಹೇಗೆ? ಇವನನ್ನು ಕೆಲಸದಿಂದ ತೆಗೆಯೋಣವೆಂದರೆ ಪೇಪರಿನವರು ಕಾರಣ ಕೇಳುತ್ತಾರೆ. ವಿಷಯ ಅವ್ವನ ಕಿವಿಗೂ ಬಿತ್ತು. "ತೊಳದ ಇಟ್ಟಾನಿಲ್ಲೋ?" ಎಂದಷ್ಟೇ ಕೇಳಿ ಅವರು ಚಹಾ ಹೀರಿದರು. ಸಾಹೇಬರು ಮಾತ್ರ ಒಂದು ವಾರ ಚಹಾ ಬಿಟ್ಟರು. ಆರೋಗ್ಯಕ್ಕಂತೆ!

ನಗಬೇಡಿ. ರಾಹು ಎಂದರೆ ಬರೀ ತಲೆ. ಬೆರಳಿಗೆ ಶಾಯಿ ಹಚ್ಚೋಣವೆಂದರೆ ಅವನಿಗೆ ಕೈಯೇ ಇಲ್ಲ. ಓಟಿಲ್ಲದವನನ್ನು ಎದುರಿಸುವುದು ಧೈರ್ಯವೇ? ಅಲ್ಲವೇ ಅಲ್ಲ ಎನ್ನಲಾರೆ, ಕಾಲುಪಾಲು ಧೈರ್ಯ. ಮುಕ್ಕಾಲು ಪಾಲು ಗೋಡೆಯ ಮೇಲೆ ಬೋರಲಾಗಿದೆ.

ನಿಮ್ಮ ಮನೆಯಲ್ಲೂ ಕಸ ಗುಡಿಸುವಾಕೆಗೆಂದು ಬೇರೆ ಇಟ್ಟ ಲೋಟ ಇದೆಯಲ್ಲ, ಕಿಟಕಿಯಲ್ಲೋ, ಬಚ್ಚಲ ಗೂಡಿನಲ್ಲೋ? ತಲೆ ಯಾಕೆ ತಗ್ಗಿಸುತ್ತೀರಿ? ನಾಳೆ ಅದನ್ನು ಒಳಗೆ ತನ್ನಿ. ಅದರಲ್ಲಿ ಮೊದಲು ನೀವೇ ಚಹಾ ಕುಡಿಯಿರಿ. ಮುಹೂರ್ತ ಕೇಳಲು ಮಾತ್ರ ನನ್ನ ಹತ್ತಿರ ಬರಬೇಡಿ.