ಗುಬ್ಬಿಯ ಪೂರ್ವೋತ್ತರ

...ಅಯ್ಯೋ, ಕಾರಿನ ಹೊದಿಕೆಗೆ ಕೈ ಹಾಕ್ಬೇಡ ಪುಟ್ಟಿ! ತಡಿ. ಲೈಸೆನ್ಸ್ ಬಂತು ಅಂತ ಗೊತ್ತು, ಬೆಳಗಿಂದ ನಾಲ್ಕು ಸಲ ನನ್ನ ಮೂಗಿನ ಹತ್ರ ಹಿಡಿದು ತೋರಿಸಿದೀಯ. ಸೋಮವಾರ ಕೆಲಸಕ್ಕೆ ಸೇರ್ಬೇಕು, ಸ್ವಂತ ಗಾಡಿ ಇದ್ರೇನೇ ಆ ಸರ್ವೇ ಕೆಲಸ ಕೊಡೋದು, ಅದೂ ಗೊತ್ತು. ನಿನ್ನ ಹತ್ತನೇ ಹುಟ್ಟುಹಬ್ಬದ ದಿನ ಇದೇ ಶೆಡ್ಡಲ್ಲಿ ನಿಂತು ಹೇಳಿದ್ನಲ್ಲ, ಈ ಗುಬ್ಬಿ ಕಾರು ನಿಂದೇ ಅಂತ? ನಿಂದೇ! ಅಪ್ಪ ಮಾತು ತಪ್ಪೋನಲ್ಲ. ಆದ್ರೆ ಗಾಡಿ ಹತ್ತೋಕೆ ಮುಂಚೆ ಅದರ ಪೂರ್ವೋತ್ತರ ತಿಳ್ಕೋಬೇಡ್ವಾ? ಕೂತ್ಕೋ. ಆ ಟೈರಿನ ಮೇಲೆ ಕೂತ್ಕೋ.

ಜಪಾನಿನೋರು ಇದನ್ನ ಮೊದಲು ಇಳಿಸಿದಾಗ ಊರಿಗೆ ಊರೇ ನಕ್ಕಿತ್ತು. ಬೆಂಕಿಪೊಟ್ಟಣಕ್ಕೆ ಚಕ್ರ ಹಾಕಿದಾರೆ ಅಂದ್ರು. ಗುಬ್ಬಿ ಅಂತ ಹೆಸರಿಟ್ಟಿದ್ದೂ ಜನಾನೇ. ಕಂಪನಿ ಇಟ್ಟ ಹೆಸರು ಹೇಳೋಕೆ ಹೋದ್ರೆ ನಾಲಿಗೆ ಉಳುಕ್ತಿತ್ತು. ಆಮೇಲೆ? ನಕ್ಕೋರೇ ಸಾಲಲ್ಲಿ ನಿಂತ್ರು! ಆರು ಜನ ಒಳಗೆ ತೂರ್ಕೋತಿದ್ರು, ಹೊರಗೆ ಬರೋಕೆ ನನ್ನನ್ನ ಕರೀತಿದ್ರು. ಯಾಕೆ ನಗ್ತೀಯ? ನಿಜ ಕಣೇ. ನಿನ್ನ ಸೋದರತ್ತೇನ ಬಾಗಿಲು ಬಿಚ್ಚಿ ಇಳಿಸಿದೀನಿ.

ಎರಡನೇ ಮಾಡೆಲ್ಲಿಗೆ ಕಣ್ಣು ದುಂಡಗೆ ಮಾಡಿದ್ರು. ಮೂರನೇದಕ್ಕೆ ಮೂತಿ ದಪ್ಪ ಮಾಡಿದ್ರು... ಗುಬ್ಬಿಗೆ ಹುಲಿ ವೇಷ! ಯಾಕೆ ಹೇಳು? ಜನಕ್ಕೆ ದೊಡ್ಡ ಗಾಡಿ ಹುಚ್ಚು. ಒಂದು ಕಟ್ಟು ಸೊಪ್ಪು ತರೋಕೂ ಏಳು ಸೀಟು ಬೇಕು ಈಗ. ಕೊನೆಗೆ ಕಂಪನಿಯಿಂದ ಕಾಗದ ಬಂತು. 'ಗ್ರಾಹಕರ ಬದಲಾದ ಅಭಿರುಚಿಯನ್ನು ಗೌರವಿಸಿ ಉತ್ಪಾದನೆ ನಿಲ್ಲಿಸಲಾಗಿದೆ.' ಗೌರವಿಸಿ ಅಂತೆ! ಕತ್ತು ಕುಯ್ದು ಕೈಮುಗಿದ ಹಾಗೆ.

ಗಡಿಯಾರ ನೋಡ್ಬೇಡ, ಮುಗೀತಾ ಬಂತು. ಪಾರ್ಟ್ಸ್ ಬರೋದು ನಿಂತುಹೋಯ್ತು. ಬೇರೆ ಮೆಕ್ಯಾನಿಕ್‌ಗಳೆಲ್ಲ 'ಸಿಗಲ್ಲ ಸ್ವಾಮಿ, ಗುಜರಿಗೆ ಹಾಕಿ' ಅಂದ್ರು. ನಾನು ಅಂದ್ನಾ? ಹೊರಗೆ ಬೋರ್ಡೇ ಹಾಕಿಸ್ದೆ, 'ಸಿಗಲ್ಲ ಅನ್ನೋ ಮಾತೇ ಇಲ್ಲಿಲ್ಲ' ಅಂತ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಗುಬ್ಬೀನೇ ತಗೋ. ಅದರಲ್ಲೇ ತಾನೇ ನೀನು ಕಲಿತಿದ್ದು? 'ಅಪ್ಪಾ, ಬೆಣ್ಣೆ ಥರ ಓಡುತ್ತೆ' ಅಂತ ನೀನೇ ಬಂದು ಹೇಳಿದ್ದಲ್ವಾ? ಎಲ್ಲ ನನ್ನ ಕೈಗುಣ!

...ಹೇ ಹೇ, ಹೊದಿಕೆ ಎಳೆದೇಬಿಟ್ಯಲ್ಲ! ಸರಿ, ನೋಡು. ಬಣ್ಣ ನೋಡು ಹೇಗೆ ಮಿಂಚ್ತಿದೆ... ಎಡಗಡೆ ಕನ್ನಡೀನಾ? ಅದು... ಮೊದಲನೇ ಮಾಡೆಲ್ಲಿಗೆ ಎಡಗಡೆ ಕನ್ನಡಿ ಇರ್ಲೇ ಇಲ್ಲ ಕಣೇ! ಜಪಾನಿನೋರದು ಹಿತಮಿತ. ಸ್ಕ್ರೂ ತೂತಾ? ಹೂಂ... ಗಾಳಿಯಾಡೋಕೆ. ಲೈಟು? ಆಗಿನ ಕಾಲದಲ್ಲಿ ಜನ ಕತ್ತಲಾಗೋದ್ರೊಳಗೆ ಮನೆ ಸೇರ್ತಿದ್ರು. ಇಟ್ಟಿಗೆ ಮೇಲೆ ಯಾಕೆ ಅಂದ್ರೆ ಚಕ್ರಕ್ಕೆ ವಿಶ್ರಾಂತಿ ಬೇಕಲ್ಲಮ್ಮ. ಚಕ್ರ ಎಲ್ಲಿ ಅಂದ್ಯಾ? ಒಂದಂತೂ ಇದೆಯಲ್ಲ, ಇಷ್ಟೊತ್ತು ನೀನು ಕೂತಿದ್ದೆಯಲ್ಲ, ಅದೇ!

ಹಾಗೆ ನೋಡ್ಬೇಡ. ನಿಮ್ಮಮ್ಮನೂ ಹೀಗೇ ನೋಡ್ತಾಳೆ.

ಬಾನೆಟ್ ಬೇಡ! ಒಳಗೆ ಬಣ್ಣ ಹಸಿ ಇದೆ, ನಾಳೆ ನೋಡೋಣ... ಪುಟ್ಟಿ, ಅಪ್ಪ ಹೇಳ್ತಿದೀನಿ, ಬೇಡ...

...

ತೆಗೆದೇಬಿಟ್ಯಲ್ಲ.

ಬೈಯಿ. ಕಿರುಚು. ಹೀಗೆ ಆ ಖಾಲಿ ಜಾಗ ನೋಡ್ತಾ ನಿಂತ್ಕೋಬೇಡ. ...ಕೊಟ್ಟೆ ಕಣೇ. ಒಂದೊಂದಾಗಿ ಕೊಟ್ಟೆ. ಕನ್ನಡಿ ಮೆಡಿಕಲ್ ಶಾಪಿನೋರ ಗುಬ್ಬಿಗೆ, ಲೈಟು ಹೆಡ್‌ಮೇಷ್ಟ್ರಿಗೆ. 'ನೀವಿಲ್ದಿದ್ರೆ ನಮ್ಮ ಗತಿಯೇನು' ಅಂತಾರೆ, ಅಷ್ಟಕ್ಕೇ ಕರಗಿ ನೀರಾಗ್ತೀನಿ. ಕಂಪನಿ ಮತ್ತೆ ಶುರು ಮಾಡುತ್ತೆ, ಪಾರ್ಟ್ ಬಂದ ತಕ್ಷಣ ನಿನ್ನ ಗಾಡಿಗೆ ವಾಪಸ್ ಹಾಕಿದ್ರಾಯ್ತು ಅಂತ... ಹನ್ನೆರಡು ವರ್ಷದಿಂದ ಅಂದ್ಕೋತಾನೇ ಇದೀನಿ.

ಎಂಜಿನ್ನು... ಬೆಣ್ಣೆ ಥರ ಓಡುತ್ತೆ ಅಂದ್ಯಲ್ಲ. ಅದು ನಿಂದೇ. ನೀನು ಕಲಿತಿದ್ದೂ ಅದರ ಮೇಲೆ, ಪಾಸಾಗಿದ್ದೂ ಅದರ ಮೇಲೆ. ಹಾಗೆ ನೋಡಿದ್ರೆ ಅಪ್ಪ ಮಾತು ಉಳಿಸ್ಕೊಂಡ ಹಾಗೇ... ಇಲ್ಲ. ಬಿಡು. ಊರವರ ಬಾಯಲ್ಲಿ ದೊಡ್ಡೋನು ಅನ್ನಿಸ್ಕೊಳ್ಳೋಕೆ ಹೋಗಿ ನಿನಗೆ ಮೋಸ ಮಾಡ್ದೆ.

ಸ್ಪ್ಯಾನರ್ ಯಾಕೆ ನನ್ನ ಕೈಗೆ ಕೊಡ್ತಿದೀಯ? ಈಗಲೇ? ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಹತ್ರಾನಾ? ನಾನೇ ಹೋಗಿ ಬಿಚ್ಚಿ ತರ್ಬೇಕಾ? 'ಹಾಗಾದ್ರೆ ನನಗೆ ಬೇರೆ ಎಂಜಿನ್ ಕೊಡಿಸಪ್ಪ' ಅಂದ್ರೆ ಅವರಿಗೆ ಏನನ್ಲಿ?

ಬೋರ್ಡ್ ಕಡೆ ಯಾಕೆ ಬೆರಳು ತೋರಿಸ್ತೀಯ? ...ಹೂಂ. ಅರ್ಥ ಆಯ್ತು. ಹೇಳ್ತೀನಿ, ಹೇಳ್ದೆ ಇರ್ತೀನಾ? 'ಮೇಷ್ಟ್ರೇ, ಎಂಜಿನ್ನು ಸಿ... ಸಿಗ...' ನೋಡು, ಬಾಯಿಗೇ ಬರ್ತಿಲ್ಲ! ಒಂದು ಸಲ ನೀನು ಹೇಳು ಪುಟ್ಟಿ. ನಿನ್ನ ಹಿಂದೆ ನಾನು ಹೇಳ್ತೀನಿ.